ಟಾಕಿಯ ಬಾಯಿ ಕಟ್ಟಿದ್ದು

ಆ ಬರಗಾಲದಲ್ಲಿ ಸಂತಪುರದ ಒಂದು ಕೊಡವೂ ಬಾಯಿ ತೆರೆದು ಕೂತಿರಲಿಲ್ಲ. ಬಟ್ಟೆ ಕಟ್ಟಿ, ತಟ್ಟೆ ಮುಚ್ಚಿ, ಒಂದು ಹನಿಯೂ ಆವಿಯಾಗದಂತೆ ಕಾಯುತ್ತಿದ್ದೆವು. ಹೀಗಿರುವಾಗ ನನ್ನ ಹಳೆಯ ಕಾರಿನ ಬಳಿ ಪೆಟ್ರೋಲ್ ವಾಸನೆ ಬಂದರೆ ಸುಮ್ಮನಿರಲಾದೀತೇ? ಕೆಳಗೆ ತೂರಿದೆ. ಪೆಟ್ರೋಲ್ ಟಾಕಿಯ ಪಕ್ಕದಲ್ಲೊಂದು ಕರಿ ಡಬ್ಬಿ, ಅದಕ್ಕೊಂದು ಸಣ್ಣ ಕೊಳವೆ. ಬಾಯಿ ತೆರೆದೇ ಇದೆ! ಕಳ್ಳ ಸಿಕ್ಕಿದ! ಬಟ್ಟೆ ತುರುಕಿ ಮೇಣ ಮೆತ್ತಿದೆ. ಟಾಕಿಯ ಮುಚ್ಚಳಕ್ಕೂ ಸೈಕಲ್ ಟ್ಯೂಬ್ ಬಿಗಿದೆ.

"ಯಾರನ್ನರೆ ಕೇಳಿ ಮಾಡ್ರಿ," ಎಂದಳು ಹೆಂಡತಿ ಶಾಂತಾ.

"ಕೊಡಕ್ಕ ಬಟ್ಟಿ ಕಟ್ಟೂಮುಂದ ನೀ ಯಾರನ್ನ ಕೇಳ್ತಿ?" ಎಂದೆ.

ಮರುದಿನ ಅವಳ ತಮ್ಮ ಮಲ್ಲಪ್ಪ ಹೆಂಡತಿಯೊಂದಿಗೆ ಪುಣೆಗೆ ಹೊರಟಿದ್ದ. ಮೇವಿಲ್ಲದೆ ಕುರಿಗಳನ್ನೆಲ್ಲ ಮಾರಿದ್ದ. ಇನ್ನು ಕೂಲಿಯೇ ಗತಿ. ರೈಲು ತಪ್ಪಿದರೆ ಕೂಲಿಯವರನ್ನು ಕರೆಸಿಕೊಳ್ಳುವ ಮುಕಾದಮ ಆ ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದ. ಬಸ್ಸಿಗೆ ಹೊರಟವರನ್ನು ನಾನೇ ತಡೆದೆ.

"ಭಾಲ್ಕಿ ಟೇಶನ್ನಿಗೆ ನಾ ಬಿಡ್ತೇನಿ, ಆರಾಮ ಕೂಡ್ರಿ!"

ಅರ್ಧ ದಾರಿಯಲ್ಲಿ ಕಾರು ಕೆಮ್ಮಿತು. ನಿಂತಿತು. ಎಲ್ಲರೂ ಇಳಿದು ತಳ್ಳಿದರು. ಟಾಕಿ ತುಂಬ ಪೆಟ್ರೋಲ್, ಇಂಜಿನ್ನಿಗೆ ಹನಿಯಿಲ್ಲ! ಕೊನೆಗೆ ಬೈಕಿನಲ್ಲಿ ಹೊರಟಿದ್ದ ಮೆಕ್ಯಾನಿಕ್ ಮೆಹಬೂಬ ಚಾಚಾನನ್ನು ಕೈ ಅಡ್ಡ ಹಾಕಿ ನಿಲ್ಲಿಸಿದೆ. ಅವನು ಟ್ಯೂಬ್ ಬಿಚ್ಚಿ ಮುಚ್ಚಳ ತಿರುಗಿಸಿದ್ದೇ ತಡ, ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಆಮೇಲೆ ಅವನು ಕೆಳಗೆ ಬಗ್ಗಿ ನನ್ನ ಕೈಚಳಕ ನೋಡಿದ.

"ಅರೆ ಸಾಬ್, ಈ ಡಬ್ಬ್ಯಾಗ ಇದ್ದಲಿ ಅದರಿ. ಟಾಕಿ ಆವಿ ಹಿಡಿದಿಟ್ಕೋತದ. ಗಾಡಿ ಓಡೂಮುಂದ ಇಂಜಿನ್ ಅದನ್ನ ಎಳ್ಕೊಂಡು ಸುಡ್ತದ. ಪೆಟ್ರೋಲ್ ಖಾಲಿ ಆದಂಗ ಈ ಕೊಳವ್ಯಾಗಿಂದ ಗಾಳಿ ಒಳಗ ಹೋಗಬೇಕಲ್ರಿ? ನೀವು ಅದರ ಉಸಿರೇ ಕಟ್ಟೀರಿ!"

"ಮತ್ತ ವಾಸನಿ?"

"ಮುಚ್ಚಳದ ವಾಶರ್ ಸವದದ. ಅಷ್ಟೇ."

ಮಲ್ಲಪ್ಪ ನಕ್ಕ. "ಮಾಮಾ, ಮೂಗು ಕಟ್ಟಿದ್ರ ಕುರಿನೂ ನಡಿಯಂಗಿಲ್ರಿ." ಹಾಗೆಂದವನು ತನ್ನ ಕುರಿಗಳು ನೆನಪಾಗಿ ಒಣಗಿದ ಹೊಲದತ್ತ ಮುಖ ತಿರುಗಿಸಿದ. ನಾನು ಕೊಳವೆಯ ಮೇಣ, ಬಟ್ಟೆ ಕಿತ್ತೆಸೆದು ಕಾರು ಚಾಲೂ ಮಾಡಿದೆ.

ನಾವು ಭಾಲ್ಕಿ ಮುಟ್ಟುವ ಹೊತ್ತಿಗೆ ರೈಲು ಹೋಗಿತ್ತು. ಮಲ್ಲಪ್ಪ ಫೋನಿನಲ್ಲಿ ಅಂಗಲಾಚುವುದನ್ನು ನೋಡಿ ನಾಚಿಕೆಯಿಂದ ಕುಗ್ಗಿಹೋದೆ. ಮುಕಾದಮ ಮನಸಾರೆ ಬೈದು, ಒಂದೇ ಒಂದು ದಿನ ಕಾಯಲು ಒಪ್ಪಿದ.

ರಾತ್ರಿ ಶಾಂತಾ ತಮ್ಮನಿಗೆ ಬಿಸಿ ರೊಟ್ಟಿ ಬಡಿಸುತ್ತ, "ಇನ್ನೊಂದು ದಿನ ಮನ್ಯಾಗ ಉಳಿದ ನೋಡ್ರಿ," ಎಂದಳು. ಅವಳ ಕಣ್ಣು ತುಂಬಿತ್ತು. ಅಷ್ಟಕ್ಕೇ ನನಗೆ ಮತ್ತೆ ಹುರುಪು!

"ನಾಳೆನೂ ನಾನೇ ಬಿಡ್ತೇನಿ!"

"ಬ್ಯಾಡ್ರಿ!" ಮೂವರೂ ಒಟ್ಟಿಗೇ ಕೂಗಿದರು.

ಮರುದಿನ ಅವರ ಗಂಟು ಹೊತ್ತುಕೊಂಡು ನಾನೂ ಬಸ್ಸಿನಲ್ಲೇ ಹೋದೆ. ರೈಲು ಕದಲಿದಾಗ ಮಲ್ಲಪ್ಪ ಕಿಟಕಿಯಿಂದ ಕೈ ಚಾಚಿ ಕೂಗಿದ:

"ಮಾಮಾ, ಅಕ್ಕನ್ನ ಚಲೋತ್ನಾಗಿ ನೋಡ್ಕೋರಿ. ಕಾರ್ ಮಾತ್ರ ಮುಟ್ಟಬ್ಯಾಡ್ರಿ!"