ಅಕ್ಕನ ಕಾರು, ನನ್ನ ‘ಚಾಲು’

ಅರ್ಥವಾಗುವ ಮೊದಲೇ ತಲೆಯಾಡಿಸುವುದು ನನ್ನ ಹಳೆಯ ರೋಗ. ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಉಡುಪಿ ಕಡೆಯಿಂದ ಬಂದು ಮುಂಬಯಿಯ ಭಾಂಡುಪಿನ ಹೋಟೆಲಿನಲ್ಲಿ ಟೇಬಲ್ ಒರೆಸಲು ನಿಂತವನು ನಾನು. ಗಿರಾಕಿ ಮರಾಠಿಯಲ್ಲಿ ಏನೋ ಕೇಳುತ್ತಿದ್ದ, ನಾನು ತಲೆಯಾಡಿಸಿ ಒಳಗೆ ಹೋಗಿ ಇಡ್ಲಿ ತಂದಿಡುತ್ತಿದ್ದೆ. ಹೆಚ್ಚಿನವರು ಇಡ್ಲಿಯನ್ನೇ ಕೇಳಿರುತ್ತಿದ್ದರು, ಉಳಿದವರು ಹಸಿವಿಗೆ ತಿಂದುಬಿಡುತ್ತಿದ್ದರು. ಅದೇ ಹೋಟೆಲಿನಲ್ಲಿ ಈಗ ನಾನು ಮೇಲ್ವಿಚಾರಕ. ಆದರೆ ಇಡ್ಲಿಯಲ್ಲಿ ನಡೆದದ್ದು ಕಾರಿನಲ್ಲಿ ನಡೆಯಲಿಲ್ಲ.

ಕಾರು ನನ್ನ ಅಕ್ಕನದು. ಅಕ್ಕ ನಮ್ಮ ಚಾಳಿನ ಎದುರಿನ ಬಿಲ್ಡಿಂಗಿನಲ್ಲಿರುತ್ತಾಳೆ. ಭಾವ ತೀರಿಕೊಂಡ ಮೇಲೆ ದೋಸೆ ಹಿಟ್ಟು ರುಬ್ಬಿ ಅಂಗಡಿಗಳಿಗೆ ಕೊಟ್ಟು ಮಗಳನ್ನು ಓದಿಸಿದವಳು, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು. ಕ್ಲಚ್ಚಿಲ್ಲದ, ಗುಂಡಿ ಒತ್ತಿದರೆ ಹೊರಡುವ ಹೊಸ ಕಾರು. ಅದಕ್ಕೆ ಅವಳಿಟ್ಟ ಉದ್ದೇಶ ಒಂದೇ. ಬಸುರಿ ಮಗಳು ಹೆತ್ತ ಮೇಲೆ ಬಾಣಂತಿಯನ್ನೂ ಮಗುವನ್ನೂ ಬೊರಿವಲಿಯಿಂದ ತಾನೇ ಕಾರು ನಡೆಸಿ ತವರಿಗೆ ಕರೆತರಬೇಕು. “ನನ್ನ ಮೊಮ್ಮಗು ರಿಕ್ಷಾದಲ್ಲಿ ಕುಲುಕಿಕೊಂಡು ಬರಬಾರದು” ಎನ್ನುತ್ತಿದ್ದಳು.

ಕೊನೆಯ ತಿಂಗಳು ಮಗಳ ಜೊತೆಗಿರಲು ಅಕ್ಕ ಬೊರಿವಲಿಗೆ ಹೋದಳು. ಅಲ್ಲಿ ಪಾರ್ಕಿಂಗ್ ಇರಲಿಲ್ಲ, ಕಾರು ಇಲ್ಲೇ ಉಳಿಯಿತು. ಹೊರಡುವ ಮೊದಲು ಕಾರಿನೊಳಗೆ ಕೂತು ನನಗೆ ಪಾಠ ಮಾಡಿದಳು. “ದಿನಾ ಒಮ್ಮೆ ಚಾಲು ಮಾಡಿ ಕಾಲು ಗಂಟೆ ಬಿಡು, ಆಯ್ತಾ? ನೀನು ಓಡಿಸುವುದು ಬೇಡ ಮಾರಾಯ.” ನಡುವೆ ಇನ್ನೂ ಏನೋ ಹೇಳಿದಳು. ಆಗ ನಾನು ಕನ್ನಡಿಯಲ್ಲಿ ನನ್ನ ಮೀಸೆ ನೋಡಿಕೊಳ್ಳುತ್ತಿದ್ದೆ. ತಲೆಯನ್ನಂತೂ ಆಡಿಸಿದೆ.

ಮುಂಬಯಿಯಲ್ಲಿ ಫ್ಯಾನು ಚಾಲು, ನಲ್ಲಿ ಚಾಲು, ಮುಷ್ಕರ ಮುಗಿದರೆ ಕಾರ್ಖಾನೆ ಚಾಲು. ದೀಪ ಹೊತ್ತಿದರೆ ಅದು ಚಾಲು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ದಿನಾ ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿ ಇಳಿದ ಮೇಲೆ ಹೋಗಿ ಗುಂಡಿ ಒತ್ತುತ್ತಿದ್ದೆ. ದೀಪಗಳು ಹೊತ್ತುತ್ತಿದ್ದವು, ಪರದೆ ಮೂಡುತ್ತಿತ್ತು, ಗಾಳಿ ಬೀಸುತ್ತಿತ್ತು. ಎಂಜಿನ್ ಸದ್ದಿರಲಿಲ್ಲ. ಹೊಸ ಕಾರಲ್ಲವೇ, ಸದ್ದು ಮಾಡುವುದಿಲ್ಲ ಎಂದು ಹೆಮ್ಮೆಪಟ್ಟೆ. ಗಾಳಿ ತಂಪಿರಲಿಲ್ಲ. ಇರಲಿ, ಹೊಸ ಕಾರಿನದು ಸಂಕೋಚದ ಸ್ವಭಾವ ಎಂದುಕೊಂಡೆ. ನನ್ನ ಯಕ್ಷಗಾನದ ಪೆನ್ ಡ್ರೈವ್ ಸಿಕ್ಕಿಸಿ ಪಕ್ಕದ ಸೀಟು ಹಿಂದಕ್ಕೆ ಬಾಗಿಸಿ ಒರಗಿದರೆ, ಅಕ್ಕನ ಕಾಲು ಗಂಟೆ ನನ್ನ ಒಂದು ಪ್ರಸಂಗವಾಗುತ್ತಿತ್ತು. ಅಕ್ಕ ಫೋನಿನಲ್ಲಿ ಕೇಳಿದರೆ, “ದಿನಾ ಚಾಲು!” ಎನ್ನುತ್ತಿದ್ದೆ. ಅದು ಸುಳ್ಳಲ್ಲ ಎಂದೇ ನಂಬಿದ್ದೆ.

ಹೆಣ್ಣು ಮಗು ಹುಟ್ಟಿತು. ಕರೆತರಲು ಬುಧವಾರ ಗೊತ್ತಾಯಿತು. ಹನ್ನೆರಡಕ್ಕೆ ರಾಹುಕಾಲ, ಅದಕ್ಕೆ ಮೊದಲು ಮಗು ಕಾರು ಹತ್ತಬೇಕು. ಬೆಳಿಗ್ಗೆಯೇ ಬಂದ ಅಕ್ಕ ಸ್ಟೀರಿಂಗಿಗೆ ಮಲ್ಲಿಗೆ ಸುತ್ತಿ ಗುಂಡಿ ಒತ್ತಿದಳು. ಟಕ ಟಕ ಟಕ ಎಂದಿತು ಕಾರು. ಮತ್ತೆ ಒತ್ತಿದಳು. ಟಕ್ಕೂ ಇಲ್ಲ.

ಅಕ್ಕ ಶೋರೂಮಿಗೆ ಫೋನು ಹಚ್ಚಿ ಹಿಂದಿಯಲ್ಲಿ ಜಗಳಕ್ಕೇ ನಿಂತಳು. “ಮೇರಾ ಭಾಯಿ ರೋಜ್ ಚಾಲೂ ಕರತಾ ಥಾ! ಮೇರಾ ಭಾಯಿ ಝೂಠ್ ನಹೀಂ ಬೋಲತಾ!” ತಮ್ಮ ದಿನಾ ಚಾಲು ಮಾಡಿದ್ದಾನೆ, ಅವನು ಸುಳ್ಳು ಹೇಳುವವನಲ್ಲ ಎಂದದ್ದು ಕೇಳಿ ನನಗೂ ಆವೇಶ ಬಂತು. ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಗಲ್ಲಿಯ ಮೆಕ್ಯಾನಿಕ್ ಬರುವಾಗ ಹನ್ನೊಂದು ದಾಟಿತ್ತು. ಬಾನೆಟ್ ಎತ್ತಿ ಅವನು ಹೇಳಿದ್ದು ಇಷ್ಟು. ಈಗಿನ ಗಾಡಿ ಬಂದ್ ಮಾಡಿದರೂ ಮಲಗುವುದಿಲ್ಲ. ಕೀಲಿ ಹತ್ತಿರ ಬಂತೇ ಎಂದು ಕಿವಿಗೊಡುತ್ತದೆ, ಕಳ್ಳ ಬಂದನೇ ಎಂದು ಕಾಯುತ್ತದೆ, ಗಡಿಯಾರ ನಡೆಸುತ್ತದೆ. ಎಲ್ಲವೂ ಬ್ಯಾಟರಿಯನ್ನೇ ತೊಟ್ಟು ತೊಟ್ಟಾಗಿ ಹೀರುತ್ತವೆ. “ಲೇಕಿನ್ ತಾಯಿ, ಅಷ್ಟಕ್ಕೇ ಒಂದು ತಿಂಗಳಲ್ಲಿ ಹೊಸ ಬ್ಯಾಟರಿ ಸಾಯೋದಿಲ್ಲ. ಬ್ರೇಕ್ ಒತ್ತದೆ ಬಟನ್ ದಾಬಿಸಿದರೆ ಎಂಜಿನ್ ಸುರು ಆಗೋದಿಲ್ಲ, ಖಾಲಿ ಲೈಟು, ಗಾನಾ. ಹಾಗೆ ಯಾರಾದರೂ ಗಾನಾ ಕೇಳ್ತಾ ಕೂತಿದ್ದರಾ?”

ಬ್ರೇಕ್! ನಾನು ಮೀಸೆ ನೋಡಿಕೊಳ್ಳುವಾಗ ಅಕ್ಕ ಹೇಳಿದ್ದು ಅದೇ. ಆಗಲೇ ಒಪ್ಪಿಕೊಂಡಿದ್ದರೆ ಈ ಪ್ರಬಂಧ ಬೇಕಿರಲಿಲ್ಲ. ನನ್ನ ಬಾಯಿಂದ ಬಂದದ್ದು, “ಇಲಿ ವೈರು ಕಡಿದಿರಬೇಕು.” ಮೆಕ್ಯಾನಿಕ್ ನನ್ನನ್ನು ನೋಡಿದ. ಅಕ್ಕ ನನ್ನ ಪರವಾಗಿ, “ಹೌದು, ಇಲ್ಲಿ ಇಲಿ ಉಂಟು” ಎಂದಳು.

ಅವನು ತನ್ನ ಟೆಂಪೋದ ಬ್ಯಾಟರಿಗೆ ವೈರು ಜೋಡಿಸಿದ. ಅಕ್ಕ ಬ್ರೇಕ್ ತುಳಿದು ಗುಂಡಿ ಒತ್ತಿದಳು. ಎಂಜಿನ್ ಸುರುವಾಯಿತು. ಜೊತೆಗೇ ಇಡೀ ಗಲ್ಲಿ ಬೆಚ್ಚುವಂತೆ ಚೆಂಡೆ ಮೊಳಗಿ, ಭಾಗವತರು ನಿನ್ನೆ ನಾನು ನಿಲ್ಲಿಸಿದ ಪದದಿಂದಲೇ ಏರುಸ್ವರದಲ್ಲಿ ಮುಂದುವರಿದರು.

ಅಕ್ಕನಿಗೆ ಯಕ್ಷಗಾನವೆಂದರೆ ತಲೆನೋವು. ಅವಳು ಪೆನ್ ಡ್ರೈವ್ ನೋಡಿದಳು, ಹಿಂದಕ್ಕೆ ಬಾಗಿಸಿದ ಪಕ್ಕದ ಸೀಟು ನೋಡಿದಳು, ಸದ್ದು ಕಡಿಮೆ ಮಾಡಿದಳು. “ಬಾ, ಕೂತುಕೋ” ಎಂದಳು, ಅಷ್ಟೇ.

ಬೊರಿವಲಿ ಮುಟ್ಟುವಾಗ ರಾಹು ಕೂತಾಗಿತ್ತು. ಒಂದೂವರೆಯವರೆಗೆ ಕಾದೆವು. ಅಕ್ಕ ದಾರಿಯಲ್ಲಾಗಲಿ ಅಲ್ಲಾಗಲಿ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನವಾಗುತ್ತಿತ್ತು. ಮಗಳು “ಯಾಕಮ್ಮಾ ಲೇಟ್?” ಎಂದಾಗ, “ಇಲಿ” ಎಂದಳು. ಮಗು ತಾಯಿಯ ತೊಡೆಯ ಮೇಲೆ ಕುಲುಕದೆ ನಿದ್ದೆ ಮಾಡುತ್ತಾ ಭಾಂಡುಪಿಗೆ ಬಂತು. ನಾನು ಮಾತ್ರ ಬಂದ್ ಮಾಡಿ ನಿಲ್ಲಿಸಿದ ಗಾಡಿಯಂತಾದೆ. ಹೊರಗೆ ಸುಮ್ಮನಿದ್ದರೂ ಒಳಗೆ ಏನೋ ತೊಟ್ಟಿಕ್ಕುತ್ತಿತ್ತು.

ಮೊನ್ನೆ ಅಕ್ಕ ಒಂದು ವಾರಕ್ಕೆ ಊರಿಗೆ ಹೊರಟಳು. ಕೀಲಿ ಈ ಸಲ ಬೇರೆಯವರಿಗೆ ಎಂದುಕೊಂಡಿದ್ದೆ. ನನಗೇ ಕೊಟ್ಟಳು. ದಾರದಲ್ಲಿ ನನ್ನ ಪೆನ್ ಡ್ರೈವನ್ನೂ ಒಂದು ಚೀಟಿಯನ್ನೂ ಅದಕ್ಕೆ ಕಟ್ಟಿದ್ದಳು. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಮೂರೇ ಪದ: “ಮೊದಲು ಬ್ರೇಕ್, ಇಲಿರಾಯ.”

ಆರನೇ ಕ್ಲಾಸಿನವರೆಗೆ ಓದಿದ್ದು ಸಾರ್ಥಕವಾಯಿತು. ಜೀವನದಲ್ಲಿ ಮೊದಲ ಸಲ, ಪೂರ್ತಿ ಅರ್ಥವಾದ ಮೇಲೆ ತಲೆಯಾಡಿಸಿದೆ.