ಏಳು ವರ್ಷಕ್ಕೊಮ್ಮೆ ಬರುವ ಸವತಿ

ನನ್ನ ಗಂಡನ ಕಾಕಾ, ನಮ್ಮ ಸಣ್ಣ ಮಾವನವರಿಗೆ ಇಬ್ಬರು ಹೆಂಡಂದಿರು! ಇದು ನಾನು ಕಟ್ಟಿದ ಕತೆಯಲ್ಲ. ಮೊದಲ ಹೆಂಡತಿಯೇ, ಅಂದರೆ ನಮ್ಮ ಸಣ್ಣ ಅತ್ತೆಯೇ, ಸೊಲ್ಲಾಪುರದ ಪೇಟೆಯಲ್ಲೆಲ್ಲ ಸಾರಿಕೊಂಡು ಬಂದ ಸುದ್ದಿ.

"ನಾ ದಿನಾ ರೊಟ್ಟಿ ಬಡಿಯಾಕಿ. ಆಕಿ ಏಳು ವರ್ಷಕ್ಕೊಮ್ಮೆ ಮಾರಿ ತೋರಸಾಕಿ. ಮರ್ಯಾದಿ ಯಾರಿಗಿ ಹೆಚ್ಚು, ನೀವಾ ಹೇಳ್ರಿ!"

ಆ ಎರಡನೆಯವಳು ಒಂದು ಧೂಮಕೇತು. ಅದಾದರೂ ಎಂಥದ್ದು? ಊರಿಗೆ ಊರೇ ಹೊರಗೆ ಬಂದು ಬಾಯಿ ತೆರೆದು ನೋಡುವಂಥದ್ದೇ? ಶಿವ ಶಿವಾ! ಬರಿಗಣ್ಣಿಗೆ ಕಾಣದ, ಬಾಲವೇ ಇಲ್ಲದ, ದುರ್ಬೀನಿನಲ್ಲೂ ಹಿಂಜಿದ ಅರಳೆಯ ಚೂರಿನಷ್ಟೇ ಕಾಣುವ ಬಡಪಾಯಿ. ಸೂರ್ಯನನ್ನು ಸುತ್ತಿ ಏಳು ವರ್ಷಕ್ಕೊಮ್ಮೆ ನಮ್ಮ ಕಡೆ ಹಾಯ್ದು ಹೋಗುತ್ತಿತ್ತು. ಚಾದರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮನುಷ್ಯನಿಗೆ ಈ ಗೀಳು ಎಲ್ಲಿಂದ ಹತ್ತಿತೋ! ಲಗ್ನಕ್ಕೂ ಮೊದಲು ಯಾರೋ ಸಾಹೇಬರು ಊರು ಬಿಟ್ಟು ಹೊರಟಾಗ ಅವರ ಸಾಮಾನು ಹರಾಜಾಯಿತಂತೆ. ಕಪಾಟು ತರಲು ಹೋದ ಮಾವನವರು ದುರ್ಬೀನು ಹೊತ್ತುಕೊಂಡು ಬಂದರು. ಆ ಕಪಾಟು ಇವತ್ತಿಗೂ ನಮ್ಮ ಮನೆಗೆ ಬಂದಿಲ್ಲ.

ಮಂಕಾದದ್ದನ್ನು ನೆಟ್ಟಗೆ ನೋಡಿದರೆ ಕಾಣುವುದಿಲ್ಲ, ತುಸು ಬದಿಗೆ ನೋಡಿದರೆ ಕಣ್ಣಂಚಿಗೆ ಸಿಗುತ್ತದೆ ಎಂಬುದು ಅವರ ವಿದ್ಯೆಯ ಮೊದಲ ಪಾಠ. ಆಕಾಶಕ್ಕೆ ಇದು ಸರಿ. ಆದರೆ ರೂಢಿ ಎಂಬುದೊಂದಿದೆಯಲ್ಲ? ಅವರು ಗಿರಾಕಿಗಳನ್ನೂ ಹಾಗೇ ನೋಡುತ್ತಿದ್ದರು! ಎದುರಿಗೆ ನಿಂತವರು ಚಾದರದ ದರ ಕೇಳಿದರೆ ಇವರು ಪಕ್ಕದ ಗೋಡೆಗೆ ಉತ್ತರ ಹೇಳುತ್ತಿದ್ದರು.

"ನನ್ನ ನೋಡಾಕ ಅಕ್ಕಲಕೋಟಿಗಿ ಬಂದಾಗೂ ಹಿಂಗಾ," ಎಂದು ಅತ್ತೆ ನನ್ನ ಹತ್ತಿರ ದೂರುತ್ತಿದ್ದರು. "ನನ್ನ ಕಡಿ ನೋಡಲೇ ಇಲ್ಲ. ಬಾಜೂಕಿದ್ದ ನೀರಿನ ತಂಬಗಿ ನೋಡಕೋತ ಕುಂತ್ರು. ತಂಬಗಿ ಪಸಂದ ಬಂದೈತೇನೋ ಅನಕೊಂಡೆ!"

"ಹಂಗ ನೋಡಿದ್ದಕ್ಕಾ ನೀ ಅಷ್ಟ ಚಂದ ಕಂಡಿ," ಎಂದರು ಮಾವನವರು.

"ಅಂದ್ರ ನಾ ಮಂಕ ಇದ್ದೆ ಅಂದಂಗಾತು!"

ಅವತ್ತು ಮಾವನವರ ತಾಟಿಗೆ ತುಪ್ಪ ಬೀಳಲಿಲ್ಲ.

ಊಟದ ಮಾತು ಬಂತು, ಹೇಳಿಬಿಡುತ್ತೇನೆ. ಅತ್ತೆಯ ರೊಟ್ಟಿ ಚಂದ್ರನಂತೆ ದುಂಡಗೆ. ಅಪರೂಪಕ್ಕೊಮ್ಮೆ ಕೈ ತಪ್ಪಿ ಮೊಟ್ಟೆಯಾಕಾರಕ್ಕೆ ಎಳೆದರೆ ಮಾವನವರಿಗೆ ಹಬ್ಬ! "ಇದಾ ನೋಡ ಆಕಿ ತಿರಗೂ ದಾರಿ!" ಎಂದು ರೊಟ್ಟಿ ಎತ್ತಿ ಹಿಡಿಯುವರು. ಒಂದು ಚಿಟಿಕೆ ಶೇಂಗಾ ಚಟ್ನಿಯನ್ನು ರೊಟ್ಟಿಯ ಒಂದು ತುದಿಯ ಕಡೆ ಇಟ್ಟು, ಇದು ಸೂರ್ಯ, ಸೂರ್ಯ ನಡುಮಧ್ಯದಲ್ಲಿರುವುದಿಲ್ಲ, ಅದಕ್ಕೇ ಅವಳು ಹತ್ತಿರ ಬಂದಾಗ ಓಡುತ್ತಾಳೆ, ದೂರ ಹೋದಾಗ ತೆವಳುತ್ತಾಳೆ ಎಂದು ಪಾಠ ಶುರು. ರೊಟ್ಟಿ ಆರಿ ಗಟ್ಟಿಯಾಗುವ ತನಕ ಧೂಮಕೇತು ಅದರ ಅಂಚಿನಲ್ಲಿ ತಿರುಗುತ್ತಲೇ ಇರುತ್ತಿತ್ತು.

"ಸೂರ್ಯನ ಹಚಗೊಂಡು ಉಣ್ರಿ," ಎನ್ನುವರು ಅತ್ತೆ, "ಆರಾಕತ್ತೈತಿ."

ಸೊಲ್ಲಾಪುರದ ಗಿರಣಿಗಳ ಹೊಗೆಯಲ್ಲಿ ಹುಣ್ಣಿಮೆ ಚಂದ್ರನೇ ಬೂದಿ ಬಳಿದುಕೊಂಡ ಹಾಗೆ ಕಾಣುತ್ತಾನೆ, ಇನ್ನು ಈ ಬಡಪಾಯಿ ಕಂಡೀತೇ? ಅದಕ್ಕೇ ಅದು ಬರುವ ಹೊತ್ತಿಗೆ ಮಾವನವರು ಅಕ್ಕಲಕೋಟೆಗೆ, ಅತ್ತೆಯ ತವರಿನ ಮಾಳಿಗೆಗೆ ಧಾವಿಸುತ್ತಿದ್ದರು. ಸ್ವಾಮಿಗಳ ಗುಡಿಗೆ ಹೆಸರಾದ ಅಕ್ಕಲಕೋಟೆಗೆ ವಾರಕ್ಕೆರಡು ಸಲ ಹೋಗುವವರನ್ನು ಪೇಟೆಯವರು ಏನೆಂದುಕೊಂಡಾರು? ಸೇಠಜಿಗೆ ಭಕ್ತಿ ಹುಟ್ಟಿದೆ ಎಂದು ಅಂಗಡಿಗೆ ಬಂದು ಕಾಲಿಗೆ ಬೀಳತೊಡಗಿದರು! ಇವರೋ ಗುಡಿಯ ಹೊಸ್ತಿಲು ಸಹ ಕಂಡವರಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಆ ಸವತಿಯೂ ಬಂದಿದ್ದಳು. ಹೈದರಾಬಾದಿನ ರಜಾಕಾರರ ಗದ್ದಲ ಮುಗಿದು ಎರಡು ಮೂರು ವರ್ಷವಾಗಿತ್ತಷ್ಟೇ. ಚಾದರದಲ್ಲಿ ಸುತ್ತಿದ ದುರ್ಬೀನಿನೊಂದಿಗೆ ನಾವೆಲ್ಲ ರೈಲಿನಿಂದಿಳಿದರೆ ಸ್ಟೇಷನ್ನಿನಲ್ಲಿ ಪೊಲೀಸಪ್ಪ ತಡೆದ. "ಹೇ ಕಾಯ್? ಬಂದೂಕ್ ಆಹೆ ಕಾ?" ಬಂದೂಕಲ್ಲ, ಬರುವವಳೊಬ್ಬಳನ್ನು ನೋಡಲು ಹೊರಟಿದ್ದೇವೆ ಎಂದರು ಮಾವನವರು. ಯಾವ ಗಾಡಿಗೆ ಬರುತ್ತಾಳೆ ಎಂದು ಆತ ಕೇಳಿದ. ಗಾಡಿ ತಡವಾಗುತ್ತದೆ, ಅವಳು ಎಂದೂ ತಡ ಮಾಡಿದವಳಲ್ಲ ಎಂದು ಇವರು ಗೋಡೆಯ ಕಡೆ ನೋಡುತ್ತ ಉತ್ತರ ಕೊಟ್ಟರು. ಆತ ತಲೆ ಕೆರೆದುಕೊಂಡು ನಮ್ಮನ್ನು ಬಿಟ್ಟ.

ಹೊತ್ತು ಮುಳುಗಿದ ಮೇಲೆ ಮಾಳಿಗೆಯಲ್ಲಿ ಸಾಲು ನಿಂತೆವು. ಮೊದಲು ನನ್ನ ಗಂಡ ನೋಡಿ, "ಕಾಣಸ್ತು ಕಾಕಾ, ಮಸ್ತ ಐತಿ!" ಎಂದರು. ಪಕ್ಕದ ಮನೆಯ ಮರಾಠಿ ಗೃಹಸ್ಥರು "ಅರೇ ವಾ! ಕೇವಢೀ ಶೇಪಟಿ!" ಎಂದು ಬಾಲದ ಉದ್ದವನ್ನು ಕೈಯಗಲಿಸಿ ತೋರಿಸಿದರು. ನನಗೋ ಬರೀ ಕತ್ತಲು. ಆದರೆ ಹೊಸ ಸೊಸೆ ಇಲ್ಲ ಎನ್ನಬಹುದೇ? "ಬಾಲ ಭಾಳ ಚಂದ ಐತ್ರಿ ಮಾವಾರ," ಎಂದೆ. ಕೊನೆಗೆ ಅತ್ತೆ ಬಗ್ಗಿ ನೋಡಿದರು.

"ಏನೂ ಇಲ್ಲ. ಒಲಿ ಆರಿಸಿದ ಅಡಗಿಮನಿ ಆಗೇತಿ."

ಮಾವನವರು ಕುಣಿದುಬಿಟ್ಟರು! ದುರ್ಬೀನಿನ ಬಾಯಿಂದ ಮುಚ್ಚಳ ಕಿತ್ತು ನಮ್ಮ ಮೂಗಿನ ಮುಂದೆ ಹಿಡಿದರು. ಅದು ಅತ್ತೆಯ ಚಟ್ನಿ ಡಬ್ಬಿಯ ಮುಚ್ಚಳ. ಅಸಲಿನದು ಕಳೆದ ಮೇಲೆ ಇದನ್ನೇ ಹಾಕುತ್ತಿದ್ದರು. ಬೇಕೆಂದೇ ಮುಚ್ಚಿಟ್ಟು ನಮ್ಮನ್ನು ಪರೀಕ್ಷಿಸಿದ್ದರು. "ಇಡೀ ಖಾನದಾನದಾಗ ಖರೇ ಕಣ್ಣು ಒಂದಾ ಜೋಡಿ! ಕಾಣಲಾರದ್ದು ಕಂಡೆ ಅನ್ನಾವ ಕಳ್ಳಗಿಂತ ಕಡಿ!" ಎಂದು ಗುಡುಗಿದರು. ಮರುದಿನವೂ ನಮ್ಮೊಡನೆ ಮಾತಿಲ್ಲ. ಅವತ್ತಿನಿಂದ ಬೆಳಕಿನ ಅಳತೆಗೆ ಅತ್ತೆಯೇ ಪಂಚರು. ಪಕ್ಕದ ಚುಕ್ಕಿಯನ್ನು ದುರ್ಬೀನಿನಲ್ಲಿ ಅರಳೆಯಂತೆ ಮಸುಕು ಮಾಡಿ, ಅದು ಹೆಚ್ಚೋ ಇದು ಹೆಚ್ಚೋ ಎಂದು ಮಾವನವರು ಕೇಳುವರು. "ಇಕಿ ಎರಡ ನೀರ ಕಡಿಮಿ ಕಂಡ ಧೋತರದಂಗ ಅದಾಳ," ಎಂದು ಅತ್ತೆ ಸವತಿಯ ಮೈಬಣ್ಣಕ್ಕೆ ತೀರ್ಪು ಕೊಡುವರು. ಕಂಡದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು ಹೇಳಿದವರಲ್ಲ.

ಏಳು ವರ್ಷ ಉರುಳಿತು. ರಷ್ಯಾದವರು ಆಕಾಶಕ್ಕೆ ಉಪಗ್ರಹದ ಗೋಲಿ ಹಾರಿಸಿ, ಪೇಟೆಯವರೆಲ್ಲ ಕತ್ತೆತ್ತಿ ನಡೆದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಆಗಿತ್ತು. ಅವಳು ಬರುವ ಕಾಲ ಬಂತು. ಆದರೆ ಮಾವನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಲಿಯಲಿ, ಆಮೇಲೆ ತೆಗೆಯೋಣ ಎಂದರು ಡಾಕ್ಟರು.

"ಅದು ಬಲಿಯೂದರಾಗ ಆಕಿ ಹೋಗಿಬಿಡ್ತಾಳ," ಎಂದರು ಮಾವನವರು.

"ಮುಂದಿನ ಸಲ ಬಂದಾಗ ನೋಡೀರಂತ ಕಾಕಾ," ಎಂದರು ನನ್ನ ಗಂಡ.

"ಆಕಿ ಬರ್ತಾಳಪಾ. ನಾ ಇರ್ತೀನಂತ ಯಾರ ಲೆಕ್ಕಾ ಹಾಕ್ಯಾರ?"



ಆದರೂ ಅಕ್ಕಲಕೋಟೆಗೆ ಹೋದೆವು. ಅದೇ ಮಾಳಿಗೆ, ಅದೇ ಮುಸ್ಸಂಜೆ. ದುರ್ಬೀನು ಮುಟ್ಟಲು ಯಾರನ್ನೂ ಬಿಡಲಿಲ್ಲ. ಶುಕ್ರ ಎಲ್ಲಿದ್ದಾನೆ ಎಂದು ನನ್ನನ್ನು ಕೇಳಿ, ಅಲ್ಲಿಂದ ಗೇಣು ಹಾಕಿ ತಾವೇ ಕೊಳವೆ ತಿರುಗಿಸಿ, ಅತ್ತೆಯನ್ನು ಕರೆದರು. ಅತ್ತೆ ಬಗ್ಗಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು.

"ಬಂದಾಳೇನ?" ಎಂದು ಕೇಳಿದರು ಮಾವನವರು.

"ಹೂಂ," ಎಂದರು ಅತ್ತೆ. "ಬಂದಾಳ."

"ಹೆಂಗದಾಳ?"

"ಹಿಂಜಿದ ಅರಳಿ ಇದ್ದಂಗ. ಹೋದ ಸಲಕ್ಕಿಂತ ಬೆಳ್ಳಗ ಅದಾಳ."

ಮಾವನವರು ಧೋತರದ ಚುಂಗಿನಿಂದ ಕಣ್ಣೊರಸಿಕೊಂಡರು. ಅಷ್ಟರಲ್ಲಿ ಆಕಾಶದ ಆ ತುಣುಕು ಬೇವಿನ ಮರದ ಹಿಂದೆ ಇಳಿಯಿತು. ದುರ್ಬೀನು ಮುಚ್ಚಿಡಲು ಅವರು ಮುಚ್ಚಳಕ್ಕೆ ಕಿಸೆ ತಡವಿದರು. ಇಲ್ಲ. ಇನ್ನೊಂದು ಕಿಸೆ. ಅಲ್ಲೂ ಇಲ್ಲ. ಕೈ ಮೆಲ್ಲಗೆ ಕೊಳವೆಯ ಬಾಯಿಗೆ ಹೋಯಿತು. ಚಟ್ನಿ ಡಬ್ಬಿಯ ಮುಚ್ಚಳ ಅಲ್ಲೇ ಇತ್ತು. ತೆಗೆಯುವುದನ್ನೇ ಮರೆತಿದ್ದರು.

ನಾನು ನೋಡಿದೆ. ಅತ್ತೆಯೂ ನೋಡಿದರು, ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿದರು. ಈಗ ಗುಡುಗುತ್ತಾರೆ ಎಂದು ಕಾದೆ. ಮಾವನವರು ಮುಚ್ಚಳವನ್ನು ಒಮ್ಮೆ ಸವರಿದರು. ಆಮೇಲೆ ಬಂದು ಅತ್ತೆಯ ಮಗ್ಗುಲಿಗೆ ಕುಳಿತರು. ಅವರ ಮುಖವನ್ನು ನೆಟ್ಟಗೆ ನೋಡಲಿಲ್ಲ, ತುಸು ಬದಿಗೆ ನೋಡಿದರು.

"ಇನ್ನೊಮ್ಮಿ ಹೇಳ. ಹೆಂಗಿದ್ಲು?"

ಅತ್ತೆ ಇನ್ನೊಮ್ಮೆ ಹೇಳಿದರು. ಈ ಸಲ ಸಣ್ಣದೊಂದು ಬಾಲವನ್ನೂ ಸೇರಿಸಿದರು.

"ಹೌದಾ?" ಎಂದರು ಮಾವನವರು. "ಬಾಲಾನೂ ಬಂದೈತಿ ಅನ್ನು!"