ಅಕ್ಕನ ಮಗಳ ಬೆನ್ನಿನ ಬೆಲ್ಟು

ನಾನು ಎಲ್ಲಿ ಕಾಲಿಟ್ಟರೂ ಒಂದಲ್ಲ ಒಂದು ನಗೆಪಾಟಲು ನನಗಿಂತ ಮುಂಚೆ ಅಲ್ಲಿ ಬಂದು ಕೂತಿರುತ್ತದೆ. ಸಣ್ಣವನಿದ್ದಾಗಲೇ ಶಾಲೆ ಬಿಟ್ಟು ಊರೂರು ಅಲೆದವನು. ಹಾಗಾಗಿ ಮೊಳಕಾಲ್ಮೂರಿನ ಅಕ್ಕನ ಮಗಳ ಬೆನ್ನುಮೂಳೆ ಸೊಟ್ಟಗಾಗಿದೆ ಅಂತ ಗೊತ್ತಾದಾಗ, ಬೆಂಗಳೂರಿನ ಆಸ್ಪತ್ರೆಗೆ ಓಡಾಡುವ ಕೆಲಸ ನನ್ನ ಪಾಲಿಗೇ ಬಂತು. ಡಾಕ್ಟರು ಅಳತೆ ತೆಗೆದು, ಎದೆಯಿಂದ ಸೊಂಟದವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಬೆಲ್ಟು ಮಾಡಿಸಿಕೊಟ್ಟರು. "ಬೆಳವಣಿಗೆ ನಿಲ್ಲೋವರೆಗೂ ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಿ. ಸೊಟ್ಟ ಹೆಚ್ಚಾದರೆ ಆಪರೇಷನ್ನೇ ಗತಿ" ಅಂದರು. ಹದಿಮೂರರ ಹುಡುಗಿ ಮುಖ ಸಣ್ಣಗೆ ಮಾಡಿಕೊಂಡಳು.

ಬಸ್ಸಿನಲ್ಲಿ

ವಾಪಸ್ ಬರುವಾಗ ಚಳ್ಳಕೆರೆಯಲ್ಲಿ ಬಸ್ಸು ತುಂಬಿತು. ಪಕ್ಕದಲ್ಲಿ ಕೂತ ಅಜ್ಜಿಯ ಮೊಣಕೈ ಇವಳ ಪಕ್ಕೆಗೆ ಟಕ್ ಅಂತ ತಾಗಿತು.

"ಏನವ್ವಾ, ಬಟ್ಟೆಯೊಳಗೆ ಬಿಂದಿಗೆ ಇಟ್ಕಂಡೀಯಾ?"

ಹುಡುಗಿ ಅತ್ತೇಬಿಡುತ್ತಾಳೆ ಅಂದುಕೊಂಡೆ. "ಹೂಂ ಅಜ್ಜಿ, ಖಾಲಿ ಬಿಂದಿಗೆ. ಮಾಮ ಬೆಳಿಗ್ಗೆಯಿಂದ ಏನೂ ಕೊಡ್ಸಿಲ್ಲ" ಅಂದಳು.

ಅಜ್ಜಿ ನನ್ನನ್ನು ಕೆಕ್ಕರಿಸಿ ನೋಡಿ, ಗಂಟು ಬಿಚ್ಚಿ ಹುರಿದ ಶೇಂಗಾ ಅವಳ ಮಡಿಲಿಗೆ ಸುರಿದಳು. ನಾನೂ ಕೈ ಚಾಚಿದೆ. "ನಿಂಗಲ್ಲ ಕಣಪ್ಪಾ" ಅಂದಳು.

ಕುರಿ ತಾತ

ಪಕ್ಕದ ಮನೆಯ ಕುರಿ ಕಾಯುವ ತಾತ ನೋಡಲು ಬಂದ. "ಕುರಿ ಕಾಲು ಮುರಿದ್ರೆ ನಾವೂ ಬಿದಿರು ದಬ್ಬೆ ಕಟ್ತೀವಿ. ಇದೂ ಅಂಗೇ ಐತೆ. ಕುರಿ ಹಟ ಮಾಡಲ್ಲ ನೋಡು."

"ಅದಕ್ಕೆ ಸೆಕೆ ಆಗಲ್ವಾ ತಾತ?" ಅಂದಳು ಹುಡುಗಿ.

"ಆಗ್ತೈತೆ. ಅದಕ್ಕೇ ಉಣ್ಣೆ ಕತ್ತರಿಸ್ತೀವಿ."

ತಾತ ಎದ್ದು ಹೋಗುವವರೆಗೂ ಹುಡುಗಿ ತನ್ನ ಜಡೆಯನ್ನು ಎರಡೂ ಕೈಲಿ ಹಿಡಿದುಕೊಂಡೇ ಕೂತಿದ್ದಳು.

ಆಯುಧಪೂಜೆ

ಅಕ್ಕನದು ರೇಷ್ಮೆ ಸೀರೆ ನೇಯುವ ಮನೆ. ಆಯುಧಪೂಜೆಯ ದಿನ ಮಗ್ಗಕ್ಕೆ, ಲಾಳಿಗೆ ಕುಂಕುಮ ಹಚ್ಚಿದರೆ ಮರುದಿನದವರೆಗೂ ಅವುಗಳನ್ನು ಇಟ್ಟಲ್ಲಿಂದ ಅಲುಗಿಸುವಂತಿಲ್ಲ, ಕೆಲಸ ಮಾಡಿಸುವಂತಿಲ್ಲ. ಹುಡುಗಿ ಸ್ನಾನ ಮುಗಿಸಿದವಳೇ ಬೆಲ್ಟನ್ನು ತಂದು ಮಗ್ಗದ ಪಕ್ಕ ಇಟ್ಟಳು.

"ಅವ್ವಾ, ಇದಕ್ಕೂ ಪೂಜೆ ಮಾಡು. ನನ್ನ ಬೆನ್ನು ಕಾಯೋದು ಇದೇ ಅಲ್ವಾ."

ಒಂದು ದಿನವಾದರೂ ಬಿಡುಗಡೆ ಸಿಗಲಿ ಅಂತ ಅವಳ ಉಪಾಯ. ಅಕ್ಕ ಕುಂಕುಮದ ಬಟ್ಟಲು ಹಿಡಿದು ನನ್ನ ಮುಖ ನೋಡಿದಳು. ಪೂಜೆ ಬೇಡ ಅನ್ನಲು ದೇವರ ಭಯ, ಹೂಂ ಅನ್ನಲು ಮಗಳ ಬೆನ್ನಿನ ಭಯ.

"ತೊಡಿಸಿಯೇ ಪೂಜೆ ಮಾಡಕ್ಕಾ" ಅಂದೆ. ಹುಡುಗಿ ನನ್ನನ್ನು ತಿಂದುಬಿಡುವ ಹಾಗೆ ನೋಡಿದಳು.

ಅಂಗಿಯ ಮೇಲೇ ಬೆಲ್ಟು ಬಿಗಿದು, ಮಗ್ಗದ ಪಕ್ಕ ಕೂರಿಸಿ, ಅಕ್ಕ ಬೆಲ್ಟಿಗೆ ಕುಂಕುಮವಿಟ್ಟು ಹೂ ಏರಿಸಿದಳು. ಆರತಿ ಎತ್ತುವಾಗ ಅವಳ ಕಣ್ಣು ತುಂಬಿತ್ತು.

ಪೂಜೆ ಮುಗಿಯಿತು. "ಏಳೇ, ಪಾತ್ರೆ ತೊಳಿ ಹೋಗು" ಅಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತಾ.

ಹುಡುಗಿ ಕೂತಲ್ಲಿಂದ ಅಲುಗಾಡಲಿಲ್ಲ. "ಪೂಜೆ ಆದಮೇಲೆ ನಾಳೆವರ್ಗೂ ಕೆಲ್ಸ ಮಾಡಂಗಿಲ್ಲ ಕಣವ್ವಾ. ಪಾತ್ರೆ ಮಾಮನ ಕೈಲಿ ತೊಳ್ಸು. ಅವನಿಗೇನೂ ಪೂಜೆ ಆಗಿಲ್ಲ."